ಮೂರು ಸಲ ಆಡಿದ ಮಾತು

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಆಶ್ರಮ ಅಂದೆನಲ್ಲ ಅಂತ ಗುಡಿ, ಗದ್ದುಗೆ ಹುಡುಕಬೇಡಿ. ಎರಡು ಹಂಚಿನ ಕೋಣೆ, ಒಂದು ಪಡಸಾಲೆ. ಪಡಸಾಲೆಯಲ್ಲಿ ಸಾಲಾಗಿ ಗಾಜಿನ ತೊಟ್ಟಿಗಳು. ತೊಟ್ಟಿಗಳ ತುಂಬ ಬಸವನಹುಳುಗಳು.

ಅಲ್ಲಿಯ ಗುರುಗಳು ಮೂವತ್ತು ವರ್ಷ ದೊಡ್ಡ ಊರಿನಲ್ಲಿ ನರಗಳ ವಿದ್ಯೆ ಕಲಿಸಿ ಬಂದವರು. ಜನಕ್ಕೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಹೊಳೆದಂಡೆಯಲ್ಲಿ ಒಬ್ಬರೇ ಇರುತ್ತಾರೆ, ಮಾತು ಕಡಿಮೆ, ಅಂದಮೇಲೆ ಯಾರೋ ಸ್ವಾಮಿಗಳು, ಅಜ್ಜಾರೇ ಸೈ. ಕಾಯಿ ಕರ್ಪೂರ ತಂದವರೂ ಇದ್ದರು. ಅಜ್ಜಾರು ಕಾಯಿ ಒಡೆದು, ಎರಡೂ ಹೋಳು ಅವರ ಕೈಗೇ ಕೊಟ್ಟು ಕಳಿಸುತ್ತಿದ್ದರು.

ಅವರ ಹತ್ತಿರ ಕಲಿಯಲು ಬಂದವನು ಅಡಿವೆಪ್ಪ. ಜಾಣ ಹುಡುಗ. ಜಾಣರಿಗೆ ಇರಬಾರದಷ್ಟು ಅವಸರ.

ಮೊದಲ ದಿನವೇ ಅವನು ಕೇಳಿದ್ದ, "ಅಜ್ಜಾರ, ನೆನಪು ಅಂದ್ರ ಏನ್ರಿ?"

ಅಜ್ಜಾರು ಕುದಿಸಿ ಆರಿಸಿದ ನೀರಿಗೆ ಒಂದು ಬಸವನಹುಳು ಬಿಟ್ಟರು. ಕುದಿಸಿದ ನೀರಲ್ಲಿ ಗಾಳಿ ಕಡಿಮೆ. ಹುಳು ಮೇಲೆ ಬಂದು, ಪಕ್ಕೆಯ ಉಸಿರುಬಾಯಿ ತೆರೆಯಿತು. ಅಜ್ಜಾರು ಕಡ್ಡಿಯ ತುದಿಯಿಂದ ಮೆಲ್ಲಗೆ ಮುಟ್ಟಿದರು. ಮುಚ್ಚಿಕೊಂಡಿತು. ಮತ್ತೆ ತೆರೆಯಿತು, ಮತ್ತೆ ಮುಟ್ಟಿದರು. ಹೀಗೆ ಒಂದೂವರೆ ತಾಸು, ಒಂದೇ ಸಮ.

ಇನ್ನೊಂದು ಹುಳುವಿಗೂ ಒಂದೂವರೆ ತಾಸೇ. ಆದರೆ ಮೂರು ಪಾಲು ಮಾಡಿ, ನಡುವೆ ಒಂದೊಂದು ತಾಸು ಬಿಡುವು ಕೊಟ್ಟರು.

ಮರುದಿನ ನೋಡಿದರೆ, ಮೊದಲನೆಯದು ಏನೂ ಆಗಿಲ್ಲವೆಂಬಂತೆ ಮೇಲೆ ಬಂದು ಬಾಯಿ ತೆರೆಯಿತು. ಎರಡನೆಯದು ತಳ ಬಿಟ್ಟು ಏಳಲೇ ಇಲ್ಲ.

"ಕಡ್ಡಿನೂ ಅದೇ, ಕೈನೂ ಅದೇ. ಫರಕು ಏನು?" ಅಂದರು ಅಜ್ಜಾರು.

"ನಡುವಿನ ಬಿಡುವು ರೀ."

"ಆ ಬಿಡುವಿನಾಗ ಏನು ನಡೀತೈತಿ ಅನ್ನೋದ ನಿನ್ನ ಪಾಠ."

ಆ ಪಾಠ ಕಲಿಯಲು ಅಡಿವೆಪ್ಪನಿಗೆ ಎರಡು ವರ್ಷ ಹಿಡಿಯಿತು. ಮುಟ್ಟಿದ ಸುದ್ದಿ ನರಕೋಶದ ಬಾಗಿಲಿಗೆ ಬರುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಬಂದು ಹೋದ ಸುದ್ದಿಯಾದರೆ ಬಾಗಿಲಲ್ಲೇ ಗದ್ದಲ ಮಾಡಿ ತಣ್ಣಗಾಗುತ್ತದೆ. ಬಿಟ್ಟು ಬಿಟ್ಟು ಮತ್ತೆ ಬಂದರೆ ಮಾತ್ರ ಅದು ಕೋಶಕೇಂದ್ರದವರೆಗೆ ನಡೆಯುತ್ತದೆ. ಅಲ್ಲಿ ಸುಮ್ಮನಿದ್ದ ಜೀನು ಎಚ್ಚರಾಗುತ್ತದೆ, ತನ್ನ ನಕಲು ಬರೆಸಿ ಹೊರಗೆ ಕಳಿಸುತ್ತದೆ. ಆ ನಕಲಿನಂತೆ ಹೊಸ ಪ್ರೋಟೀನು ತಯಾರಾಗುತ್ತದೆ. ಆ ಪ್ರೋಟೀನು ಹೋಗಿ, ಸುದ್ದಿ ಬಂದ ಅದೇ ಸಂದಿಯನ್ನು, ಎರಡು ನರಕೋಶ ಕೂಡುವ ಜಾಗವನ್ನು, ಗಟ್ಟಿ ಮಾಡುತ್ತದೆ. ಇದಕ್ಕೆಲ್ಲ ಹೊತ್ತು ಬೇಕು.

ಇಷ್ಟನ್ನೂ ಅಡಿವೆಪ್ಪ ನೀರು ಕುಡಿದಂತೆ ಹೇಳಬಲ್ಲವನಾದ. ಹೇಳುವುದೇನು ಬಿಡಿ, ಗಿಳಿಯೂ ಹೇಳುತ್ತದೆ.

ಆಶ್ರಮದಲ್ಲಿ ಇನ್ನೊಬ್ಬಳಿದ್ದಳು, ಫಕೀರವ್ವ. ಅರವತ್ತು ದಾಟಿದವಳು. ನೀರು ಕುದಿಸುವುದು, ತೊಟ್ಟಿ ತೊಳೆಯುವುದು ಅವಳ ಕೆಲಸ. ಎಲ್ಲ ತೊಟ್ಟಿಯ ಹುಳುಗಳನ್ನೂ ಒಂದೇ ಬೋಗುಣಿಗೆ ಎತ್ತುವಳು. ತೊಳೆದಾದ ಮೇಲೆ ಚಿಪ್ಪಿನ ಗೆರೆ ನೋಡಿ ಆಯಾ ತೊಟ್ಟಿಗೆ ಬಿಡುವಳು. ಊರಲ್ಲಿ ಕೌದಿ ಹೊಲಿಯುವುದರಲ್ಲೂ ಅವಳದೇ ಹೆಸರು.

"ಚಿಪ್ಪಿಗೆ ಬಣ್ಣದ ಚುಕ್ಕಿ ಇಡೂಣ್ರಿ" ಅಂತ ಅಡಿವೆಪ್ಪ ಒಮ್ಮೆ ಅಂದಿದ್ದ.

"ಫಕೀರವ್ವನ ಕಣ್ಣು ಇರೂತನಕ ಬಣ್ಣ ಯಾತಕ್ಕ?" ಅಂದಿದ್ದರು ಅಜ್ಜಾರು.

ತಿಂಗಳಿಗೊಮ್ಮೆ, ಶನಿವಾರ, ಊರೂರಿನಿಂದ ಕಲಿತವರು ಬಂದು ಪಡಸಾಲೆಯಲ್ಲಿ ಕೂಡುತ್ತಿದ್ದರು. ಆ ತಿಂಗಳು ಅಡಿವೆಪ್ಪ ಅವರ ಮುಂದೆ ತನ್ನ ಕೆಲಸ ತೋರಿಸಬೇಕಿತ್ತು. ಹೊತ್ತು ಸಾಲಲಿಲ್ಲ. ಅವನು ಹುಳುಗಳ ಮೂರೂ ಪಾಠವನ್ನು ಬಿಡುವಿಲ್ಲದೆ ಒಂದೇ ಉಸಿರಿಗೆ ಮುಗಿಸಿದ. ಪುಸ್ತಕದಲ್ಲಿ ಮಾತ್ರ ಬರೆದ: ನಡುವೆ ಒಂದೊಂದು ತಾಸು ಬಿಡುವು.

ಮರುದಿನ, ಮಂಗಳವಾರ, ಪಾಠದ ತೊಟ್ಟಿಯ ಹುಳುಗಳೆಲ್ಲ ಮೇಲೆ ಬಂದು ಆರಾಮಾಗಿ ಬಾಯಿ ತೆರೆದವು. ಒಂದಕ್ಕೂ ಏನೂ ನೆನಪಿಲ್ಲ.

"ಏನಾತೋ?" ಅಂದರು ಅಜ್ಜಾರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಡಿವೆಪ್ಪನ ಬಾಯಿಂದ ಮಾತು ತಾನಾಗಿ ಜಾರಿತು. "ತೊಟ್ಟಿ ತೊಳಿಯೂ ಮುಂದ ಫಕೀರವ್ವ ಪಾಠದ ಹುಳ ಬ್ಯಾರೆ ತೊಟ್ಟಿ ಹುಳದಾಗ ಕಲಸಿರಬೇಕ್ರಿ. ಅಕಿ ಕಣ್ಣು ಮಂದ ಆಗ್ಯಾವ."

ಗುರುವಾರ ಅದನ್ನೇ ಫಕೀರವ್ವನಿಗೂ ಅಂದ. ಶನಿವಾರ ಸಭೆಯಲ್ಲಿ ಯಾರೋ ಕೇಳಿದಾಗ, ನಾಲ್ಕು ಜನರ ಎದುರಿಗೆ ಮತ್ತೆ ಅಂದ.

ಫಕೀರವ್ವ ಜಗಳಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಸಭೆಗೆ ನೀರು ತಂದಿದ್ದ ಕೊಡ ಕೆಳಗಿಟ್ಟು, "ಇರಬಹುದಪ್ಪ, ವಯಸ್ಸಾತು" ಅಂದಳು. ಮರುದಿನದಿಂದ ಬರಲಿಲ್ಲ.

ಮೂರು ವಾರ ಕಳೆಯಿತು. ಒಂದು ಮುಂಜಾನೆ ಅಡಿವೆಪ್ಪ ಊರೊಳಗಿಂದ ಬರುತ್ತಿದ್ದಾಗ ಫಕೀರವ್ವ ಕಟ್ಟೆಯ ಮೇಲೆ ಕೂತಿದ್ದಳು. ಮುಂದೆ ಮೊರ, ಮೊರದ ತುಂಬ ಅಕ್ಕಿ.

"ತಮ್ಮಾ, ಹಳ್ಳು ಅದಾವೇನು ನೋಡು. ಮೂರು ಸಲ ಆರಿಸೀನಿ. ನನ್ನ ಕಣ್ಣು ನಾ ನಂಬೂದು ಬಿಟ್ಟೀನಿ."

ಅಡಿವೆಪ್ಪ ಬಗ್ಗಿ ನೋಡಿದ. ಕೈಯಾಡಿಸಿ ನೋಡಿದ. ಒಂದು ಹರಳಿಲ್ಲ.

"ಕೌದಿ ಎಲ್ಲಿಗೆ ಬಂತು ಆಯೀ?" ಅಂದ. ಏನಾದರೂ ಕೇಳಬೇಕಲ್ಲ.

"ಸೂಜಿ ಸೊಸಿಗೆ ಕೊಟ್ಟೆ. ಕಾಣಲಾರದಾಕಿ ಹೊಲದು ಕೆಡಸೂದ್ಯಾಕ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಅವನ ಮಾತಿನಿಂದ.

ಆಶ್ರಮಕ್ಕೆ ಬಂದವನೇ ಅಜ್ಜಾರ ಮುಂದೆ ಕೂತ. ತಲೆ ಎತ್ತಲಾಗಲಿಲ್ಲ.

"ಅಜ್ಜಾರ, ಫಕೀರವ್ವ ಹುಳ ಕಲಸಿರಲಿಲ್ಲ. ನಾನ ಬಿಡುವು ಕೊಟ್ಟಿರಲಿಲ್ಲ. ಪುಸ್ತಕದಾಗ ಸುಳ್ಳು ಬರದೆ."

ಅಜ್ಜಾರು ತೊಟ್ಟಿ ಒರೆಸುತ್ತಿದ್ದರು. ಈಗ ಆ ಕೆಲಸ ಅವರದೇ ಆಗಿತ್ತು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಭಾಳ ನಾಚಿಕಿ ಆಗಾಕತ್ತೈತ್ರಿ."

"ಬಂದು ಎಷ್ಟು ಹೊತ್ತಾತು ಆ ನಾಚಿಕಿ?"

"ಈಗ ಒಂದು ತಾಸಾತ್ರಿ."

"ತಾಸಿನ ನಾಚಿಕಿಗೆ ಜೀನು ಏಳೂದಿಲ್ಲ. ನಾಳೆ ಇದ್ದರ ಹೇಳು."

ಅಡಿವೆಪ್ಪನಿಗೆ ಕಪಾಳಕ್ಕೆ ಬಿದ್ದಂತಾಯಿತು. ಬೈದಿದ್ದರೆ ತಾಳಬಹುದಿತ್ತು.

ಮರುದಿನ ಎದ್ದಾಗ ನಾಚಿಕೆ ಅಲ್ಲೇ ಇತ್ತು. ಅಜ್ಜಾರ ಎದುರು ನಿಂತು, "ಐತ್ರಿ" ಅಂದ.

"ಹಂಗಾರ ಅಕಿಗೆ ಹೇಳಿ ಬಾ."

ಹೋದ. ಫಕೀರವ್ವ ಒಲೆಯ ಮುಂದೆ ಇದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳ ಕಾಲು ಮುಟ್ಟಿ, ಇದ್ದದ್ದು ಇದ್ದಂತೆ ಹೇಳಿದ. ಒಂದೂ ಬಿಡಲಿಲ್ಲ.

ಫಕೀರವ್ವ ಕೇಳಿಸಿಕೊಂಡಳು. ಆಮೇಲೆ ಅವನ ತಲೆ ಸವರಿದಳು.

"ಒಳ್ಳೇ ಹುಡುಗ ನೀ. ಮುದುಕಿ ಮರಗತಾಳಂತ ತಪ್ಪು ನಿನ್ನ ಮ್ಯಾಲ ಹೊತ್ಕೊಂಡು ಬಂದೀ."

"ಇಲ್ಲ ಆಯೀ, ಖರೇನ ಹೇಳಾಕತ್ತೀನಿ!"

"ನನಗೇನು ತಿಳಿಯೂದಿಲ್ಲನು? ಇರಲಿ ಬಿಡಪಾ. ರೊಟ್ಟಿ ಬಿಸಿ ಅದಾವ, ತಿಂದು ಹೋಗು."

ತಿಂದ. ಬ್ಯಾಡ ಅನ್ನುವ ಮುಖವಾದರೂ ಎಲ್ಲಿತ್ತು? ತಪ್ಪು ಮಾಡಿದವನಿಗೆ ಬಿಸಿರೊಟ್ಟಿ, ಮೇಲೆ ಬೆಣ್ಣೆ. ಒಂದೊಂದು ತುತ್ತೂ ಗಂಟಲು ಸುಟ್ಟಿತು.

ಅಲ್ಲಿಂದ ಬಂದು ಅಜ್ಜಾರ ಮುಂದೆ ಕುಸಿದ. "ಅಕಿ ನಂಬೂದಿಲ್ರಿ. ನನ್ನ ಸುಳ್ಳು ನಂಬಿದಾಕಿ ಖರೇ ಮಾತು ನಂಬವಲ್ಲಳು."

"ಆ ಸುಳ್ಳು ಎಷ್ಟು ಸಲ ಆಡಿದಿ?"

"ಮೂರು ಸಲ ರೀ."

"ಯಾವಾಗ ಯಾವಾಗ?"

"ಮಂಗಳವಾರ ನಿಮ್ಮ ಮುಂದ. ಗುರುವಾರ ಅಕಿ ಮುಂದ. ಶನಿವಾರ ಸಭಾದಾಗ."

"ನಡುವ?"

ಅಡಿವೆಪ್ಪ ಬೆರಳು ಮಡಚಿ ಎಣಿಸಿದ.

"ನಡುವ ಒಂದೊಂದು ದಿನ ಬಿಡುವು," ಅಂದರು ಅಜ್ಜಾರು. "ಮಂಗಳವಾರದ್ದು ನಾನ ಅಕಿಗೆ ಮುಟ್ಟಿಸಿದೆ, ನಿನ್ನ ಮಾತು ನಂಬಿ. ನನ್ನದೂ ತಪ್ಪೈತಿ. ಹುಳಕ್ಕ ಕೊಡದ ಬಿಡುವು ಅಕಿಗೆ ಕೊಟ್ಟಿ ನೋಡು. ಎರಡು ವರ್ಷದಾಗ ನೀ ಬರೋಬ್ಬರಿ ಮಾಡಿದ ಪಾಠ ಅದೊಂದ."

ಅಡಿವೆಪ್ಪ ಮುಖ ಮುಚ್ಚಿಕೊಂಡು ಅತ್ತ. ಅಜ್ಜಾರು ಅವನನ್ನು ಅಳಲು ಬಿಟ್ಟರು.

"ಅದನ್ನ ಅಳಸಾಕ ಬರತೈತೇನ್ರಿ?"

"ಕಟ್ಟಿದ್ದು ಅಳಸಾಕ ಬರೂದಿಲ್ಲ. ಬಾಜೂಕ ಹೊಸಾದು ಕಟ್ಟಬೇಕು."

"ದಿನಾ ಹೋಗಿ ಹೇಳತೀನ್ರಿ."

"ಹೊಸಾ ಪ್ರೋಟೀನು ಎಲ್ಲಿಗೆ ಹೋಗತೈತಿ?"

"ಸುದ್ದಿ ಬಂದ ಸಂದಿಗೇ ರೀ."

"ಅಕಿ ಮಾನ ಕಳದದ್ದು ಎಲ್ಲಿ? ನೀ ತಪ್ಪು ಒಪ್ಪಿಕೊಂಡಿದ್ದು ಎಲ್ಲಿ?"

ಅಡಿವೆಪ್ಪನಿಗೆ ಹೊಳೆಯಿತು. ಕಳೆದದ್ದು ಸಭೆಯಲ್ಲಿ. ಒಪ್ಪಿಕೊಂಡದ್ದು ಅಡುಗೆಮನೆಯಲ್ಲಿ, ಯಾರೂ ಇಲ್ಲದಾಗ. ಸಭೆಯಲ್ಲಿ ಹೇಳಿದರೆ ಸುಳ್ಳು ಬರೆದವನೆಂಬ ಹೆಸರು ಬರುತ್ತದೆ. ಈ ವಿದ್ಯೆಯಲ್ಲಿ ಆ ಹೆಸರು ಹೊತ್ತವನನ್ನು ಯಾರೂ ಹತ್ತಿರ ಸೇರಿಸುವುದಿಲ್ಲ.

"ಅಲ್ಲೇ ಹೇಳಬೇಕೇನ್ರಿ?" ಅಂದ ಸಣ್ಣ ದನಿಯಲ್ಲಿ.

ಅಜ್ಜಾರು ಎದ್ದು ನೀರು ಕುದಿಸಲು ಹೋದರು.

ಆ ವಾರ ಅಡಿವೆಪ್ಪ ಎರಡು ಸಲ ಗಂಟು ಕಟ್ಟಿದ. ಎರಡು ಸಲವೂ ಹೊಳೆಯ ತನಕ ಹೋಗಿ ತಿರುಗಿ ಬಂದ. ಓಡಿಹೋದರೆ ತನ್ನ ಹೆಸರು ಉಳಿಯುತ್ತಿತ್ತು, ನಿಜ. ಫಕೀರವ್ವ ಮಾತ್ರ ಸಾಯುವ ತನಕ ಹಸನಾದ ಅಕ್ಕಿಯಲ್ಲಿ ಹಳ್ಳು ಹುಡುಕುತ್ತ ಕೂಡಬೇಕಿತ್ತು.

ಶನಿವಾರ ಬಂತು. ಪಡಸಾಲೆ ತುಂಬಿತು. ಅಜ್ಜಾರು ಹೇಳಿಕಳಿಸಿದ್ದರಿಂದ ಫಕೀರವ್ವನೂ ಬಂದು ಕಂಬದ ಮರೆಗೆ ಕೂತಳು, ಮೊಮ್ಮಗಳ ಕೈ ಹಿಡಿದುಕೊಂಡು.

ಅಡಿವೆಪ್ಪ ಎದ್ದು ನಿಂತ.

"ಹೋದ ತಿಂಗಳು ಈ ಜಾಗದಾಗ ನಿಂತು ಒಂದು ಸುಳ್ಳು ಹೇಳಿದ್ದೆ," ಅಂದ. "ಹುಳಗಳಿಗೆ ಬಿಡುವು ಕೊಡದಾವ ನಾನು. ಕೊಟ್ಟೀನಂತ ಬರದಾವನೂ ನಾನು. ನನ್ನ ತಪ್ಪು ಹೊರಗ ಬೀಳಬಾರದಂತ ಫಕೀರವ್ವನ ಮ್ಯಾಲ ಹಾಕಿದೆ. ಅಕಿ ಒಂದು ಹುಳಾನೂ ಕಲಸಿಲ್ಲ. ಅಕಿ ಕಣ್ಣು ಚಲೋ ಅದಾವ."

ಪುಸ್ತಕ ತೆರೆದು, ಸುಳ್ಳು ಬರೆದ ಹಾಳೆ ಎಲ್ಲರಿಗೂ ಕಾಣುವಂತೆ ಹಿಡಿದ. ಮುಂದೆ ಕೂತಿದ್ದ ಹಿರಿಯರೊಬ್ಬರು ಮುಖ ಹೊರಳಿಸಿದರು. ಇನ್ನೊಬ್ಬರು ಅಜ್ಜಾರ ಕಡೆ ನೋಡಿದರು. ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಉರಿಯಿತು ಅಡಿವೆಪ್ಪನಿಗೆ.

ಕಂಬದ ಮರೆಯಿಂದ ಫಕೀರವ್ವ ಎದ್ದಳು.

"ಖರೇ ಏನೋ ಇದು?"

"ಖರೇ ಆಯೀ."

"ನನ್ನ ಸಮಾಧಾನಕ್ಕ ಹೇಳಾಕತ್ತಿಲ್ಲಲ್ಲ?"

ಅವನು ಉತ್ತರ ಕೊಡುವ ಮೊದಲೇ ಅವಳೇ ಸುತ್ತ ನೋಡಿದಳು. ತಲೆ ತಗ್ಗಿಸಿದವರನ್ನು, ಮುಖ ಹೊರಳಿಸಿದವರನ್ನು ಒಬ್ಬೊಬ್ಬರನ್ನೇ ನೋಡಿದಳು.

"ಹೌದಲ್ಲ. ಸಮಾಧಾನ ಹೇಳಾಕ ಯಾರರ ನಾಕು ಮಂದ್ಯಾಗ ತಮ್ಮ ಮಾನ ತಾವ ಕಳಕೋತಾರೇನು?" ಅಂದಳು. ಮೊಮ್ಮಗಳ ಕೈ ಬಿಟ್ಟಳು. "ಎಲಾ ಭಾಡ್ಯಾ! ಒಂದು ತಿಂಗಳು! ಒಂದು ತಿಂಗಳು ಕುರುಡಿ ಹಂಗ ಗ್ವಾಡಿ ಹಿಡಕೊಂಡು ಅಡ್ಡ್ಯಾಡೀನಿ! ಹೊಳಿಗೆ ಇಳಿಯಾಕ ಮಂದಿ ಕೈ ಹಿಡದೀನಿ! ನನ್ನ ಮೊಮ್ಮಗಳ ಕೌದಿ ಅರ್ಧಕ್ಕ ಬಿದ್ದೈತಿ! ದಿನಾ ನಿನ್ನ ಹುಳಕ್ಕ ನೀರು ಕಾಸಿದಾಕಿ ನಾ. ನನಗ ಹಿಂಗ ಮಾಡ್ತೀಯೇನು? ನಿನ್ನ ಬಾಯಾಗ ಮಣ್ಣು ಬೀಳಲಿ!"

ಅಡಿವೆಪ್ಪ ಕೈ ಮುಗಿದು ನಿಂತೇ ಇದ್ದ.

"ಮ್ಯಾಲ ನನ್ನ ರೊಟ್ಟಿ ಬ್ಯಾರೆ ತಿಂದು ಹೋಗೀ!"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಡಸಾಲೆಯ ಮೂರೂ ಮೆಟ್ಟಿಲು ದಡದಡ ಇಳಿದು ಹೋದಳು. ಮೊಮ್ಮಗಳು ಹಿಂದೆ ಓಡಿದಳು.

ಸಭೆ ಬೇಗ ಮುಗಿಯಿತು. ಹೋಗುವಾಗ ಯಾರೂ ಅಡಿವೆಪ್ಪನನ್ನು ಮಾತಾಡಿಸಲಿಲ್ಲ. ಅವನು ಅಜ್ಜಾರ ಹತ್ತಿರ ಬಂದು ನಿಂತ. ಕಣ್ಣು ಕೆಂಪಗಾಗಿದ್ದವು.

"ಅಜ್ಜಾರ, ಎಲ್ಲಾರ ಮುಂದ ಬೈದಳ್ರಿ. ನನಗ ತಲಿ ಎತ್ತಾಕ ಆಗವಲ್ದು. ಇನ್ನ ನಾ ಏನು ಮಾಡಲಿ?"

ಅಜ್ಜಾರು ಫಕೀರವ್ವ ಹೋದ ದಾರಿಯನ್ನೇ ನೋಡುತ್ತಿದ್ದರು. ಅವಳು ಯಾರ ಕೈಯನ್ನೂ ಹಿಡಿಯದೆ ದಂಡೆಯ ಕಲ್ಲುಗಳ ಮೇಲೆ ಸರಸರ ನಡೆಯುತ್ತಿದ್ದಳು.

"ಅಕಿ ಪೂರಾ ಬೈದಿಲ್ಲ," ಅಂದರು. "ಹೋಗು, ಉಳಿದದ್ದು ಬೈಸ್ಕೊಂಡು ಬಾ."