ಮೂರು ಎಣಿಸಲು ಬಾರದವಳು

ಕರಿಮಣ್ಣಿನ ಬಯಲಿನಲ್ಲಿ ಕುರಿ ಮೇಯಿಸಿಕೊಂಡು ಊರಿಂದ ಊರಿಗೆ ಹೋಗುವ ಒಂದು ಬಿಡಾರವಿತ್ತು. ಆರು ಮನೆಯ ಜನ, ಆರುನೂರು ಕುರಿ, ನಾಲ್ಕು ನಾಯಿ, ಹೊರೆ ಹೊರಲು ಎರಡು ಕುದುರೆ. ಇಷ್ಟಕ್ಕೂ ಹಿರಿಯ ಜಕ್ಕಪ್ಪ.

ಜಕ್ಕಪ್ಪನ ಕೈಗೆ ದೊಡ್ಡ ಹೆಸರಿತ್ತು. ಆಗ ತಾನೇ ಹುಟ್ಟಿದ ಮರಿಯ ಬೆನ್ನ ಮೇಲೆ ಅಂಗೈ ಇಟ್ಟು "ಇದು ನಿಲ್ತೈತಿ" ಅಂದರೆ ಆ ಮರಿ ಬದುಕುತ್ತಿತ್ತು. "ನಿಲ್ಲಂಗಿಲ್ಲ" ಎಂದು ಕೈ ತೆಗೆದರೆ ಆಮೇಲೆ ಅದಕ್ಕೆ ಯಾರೂ ಹಾಲು ಹಿಡಿಯುತ್ತಿರಲಿಲ್ಲ. ಹಾಲು ಹಿಡಿಯದ ಮರಿ ಸಾಯದೆ ಇನ್ನೇನು ಮಾಡೀತು? ಆದರೆ ಬಿಡಾರದವರು ಅಷ್ಟು ದೂರ ಯೋಚಿಸುತ್ತಿರಲಿಲ್ಲ. ಜಕ್ಕಪ್ಪನ ಮಾತು ಒಮ್ಮೆಯೂ ಸುಳ್ಳಾಗಿಲ್ಲ ಎನ್ನುತ್ತಿದ್ದರು.

ಬಿಡಾರ ಕಿತ್ತು ಹೊರಡುವ ಮುಂಜಾನೆ ಅವನು ದಿಬ್ಬದ ಮೇಲೆ ನಿಂತು ಒಬ್ಬೊಬ್ಬರ ಹೆಸರನ್ನೂ ಕೂಗುತ್ತಿದ್ದ. ಯಾರೂ ಹಿಂದೆ ಉಳಿಯಬಾರದು ಎಂದು ಅಜ್ಜನ ಕಾಲದಿಂದ ಬಂದ ಪದ್ಧತಿ. ಹೆಸರು ಕರೆಸಿಕೊಂಡವರು "ಅದೀನಿ", ಅಂದರೆ ಇದ್ದೇನೆ, ಅನ್ನಬೇಕು. ಕಂಕುಳ ಕೂಸಿನ ಹೆಸರನ್ನೂ ಕೂಗುತ್ತಿದ್ದ. ಕೂಸಿನ ಬದಲಿಗೆ ತಾಯಿ "ಅದೀನಿ" ಅನ್ನುತ್ತಿದ್ದಳು. ನಾಯಿಗಳಿಗೂ ಹೆಸರಿದ್ದವು. ಅವು ಬೊಗಳುತ್ತಿದ್ದವು.

ಒಂದು ಹೆಸರನ್ನು ಮಾತ್ರ ಅವನು ಕೂಗುತ್ತಿರಲಿಲ್ಲ. ಅದು ಲಗಮವ್ವನ ಹೆಸರು.

ಲಗಮವ್ವ ಅವನ ತಂಗಿಯ ಮಗಳು. ಇಪ್ಪತ್ತೆರಡು ವರ್ಷ. ಮೈ ಬೆಳೆದ ಹಾಗೆ ಬುದ್ಧಿ ಬೆಳೆದಿರಲಿಲ್ಲ. ನಾಲ್ಕಾರು ಮಾತು ಬರುತ್ತಿದ್ದವು, ಅವೂ ತಡೆದು ತಡೆದು. ತುಟಿಯ ಅಂಚಿನಲ್ಲಿ ಸದಾ ಜೊಲ್ಲು. ಅದನ್ನು ನೋಡಿ ಹೆಂಗಸರು ರೊಟ್ಟಿಯ ಬುಟ್ಟಿಯನ್ನು ಅತ್ತ ಸರಿಸುತ್ತಿದ್ದರು. ಅವಳಿಗೆ ಏಳು ವರ್ಷವಾದಾಗ ಜಕ್ಕಪ್ಪ ಮರಿಗಳನ್ನು ಎಣಿಸಲು ಹೇಳಿದ್ದ. ಅವಳು ಬೆರಳು ತೋರಿಸಿ "ಒಂದು, ಎರಡು, ಭಾಳ" ಅಂದಳು. ಮರುದಿನವೂ ಅದೇ. ಅದರ ಮರುದಿನವೂ ಅದೇ. ಮೂರನೆಯ ದಿನ ಅವನು ಅವಳ ತಲೆಯ ಮೇಲಿಟ್ಟಿದ್ದ ಕೈ ತೆಗೆದು, "ಇದು ನಿಲ್ಲಂಗಿಲ್ಲ ತಂಗಿ, ಬಿಡು" ಅಂದ. ಅಂದಿನಿಂದ ಅವನು ಅವಳ ಹೆಸರು ಕೂಗುವುದನ್ನು ಬಿಟ್ಟ, ಅವಳಿಗೆ ಯಾರೂ ಏನೂ ಕಲಿಸಲಿಲ್ಲ. ಮುಂದೆ ಅದೇ ಜನ, ಆಕೆ ಏನೂ ಕಲಿಯಲಿಲ್ಲ ನೋಡು ಎಂದರು. ಹೆಸರು ಮರೆತು, ಪೆದ್ದಿ ಎಂಬ ಅರ್ಥದಲ್ಲಿ ಮಳ್ಳಿ ಎಂದು ಕರೆದರು.

ತಾಯಿ ಮಾತ್ರ ಕೈ ಬಿಟ್ಟಿರಲಿಲ್ಲ. ಬಿಡಾರ ನಡೆಯುವಾಗ ಮಗಳ ಕೈ ಹಿಡಿದೇ ನಡೆದಳು, ಹದಿನೈದು ವರ್ಷ. ಕಳೆದ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ಇನ್ನು ಕೈ ಹಿಡಿಯುವವರು ಯಾರು? ಲಗಮವ್ವ ನಡುದಾರಿಯಲ್ಲಿ ಕೂತುಬಿಡುತ್ತಿದ್ದಳು, ಹಿಂಡು ಅವಳಿಗಾಗಿ ಕಾಯಬೇಕಾಗುತ್ತಿತ್ತು. ಕೊನೆಗೆ ಜಕ್ಕಪ್ಪ ಹೊಳೆಯಾಚೆಯ ಮಠಕ್ಕೆ ಹೇಳಿ ಕಳಿಸಿದ. ಸೋಮವಾರ ಗಾಡಿ ಬರುತ್ತದೆ, ಅಲ್ಲಿ ಅಂಗಳ ಗುಡಿಸಿಕೊಂಡು ಎರಡು ಹೊತ್ತು ಉಂಡಿರಲಿ, ಬಿಡಾರ ಅದೇ ದಿನ ಮುಂದಕ್ಕೆ ಹೋಗಲಿ ಎಂದು ತೀರ್ಮಾನವಾಯಿತು. ಜಕ್ಕಪ್ಪನ ಹೆಂಡತಿ ಮಾಳವ್ವ ಬೇಡವೆಂದು ಜಗಳವಾಡಿದಳು. ಒಂದು ಕಾಲಿಗಾಗಿ ಇಡೀ ಹಿಂಡು ನಿಲ್ಲುವುದಿಲ್ಲ ಎಂದು ಅವನು ಅವಳ ಬಾಯಿ ಮುಚ್ಚಿಸಿದ. ಲಗಮವ್ವನನ್ನು ಯಾರೂ ಕೇಳಲಿಲ್ಲ. ಹೊರೆಯನ್ನು ಯಾವ ಕುದುರೆಗೆ ಕಟ್ಟಬೇಕೆಂದು ಹೊರೆಯನ್ನೇ ಕೇಳುತ್ತಾರೆಯೇ?

ಅದು ಗುರುವಾರ. ಅಂದು ಒಂದು ಕುರಿ ಮರಿ ಹಾಕಿ ಸತ್ತಿತು. ಕೆಂಚಿ ಎಂಬ ಇನ್ನೊಂದು ಕುರಿಗೆ ಸತ್ತ ಮರಿ ಹುಟ್ಟಿತು. ತಾಯಿಯಿಲ್ಲದ ಮರಿ ಒಂದು ಕಡೆ, ಕೆಚ್ಚಲು ತುಂಬಿದ ತಾಯಿ ಇನ್ನೊಂದು ಕಡೆ. ಎರಡನ್ನೂ ಕೂಡಿಸಲು ಜಕ್ಕಪ್ಪ ಕೂತ. ಕೆಂಚಿಯ ಕಾಲನ್ನು ಗೂಟಕ್ಕೆ ಕಟ್ಟಿದ. ವಾಸನೆಗೆ ಮೋಸಹೋಗಲಿ ಎಂದು ಸತ್ತ ಮರಿಯ ಚರ್ಮವನ್ನು ಈ ಮರಿಗೆ ಹೊದಿಸಿದ. ತಾಯಿ ನೆಕ್ಕಲಿ ಎಂದು ಬೆನ್ನಿಗೆ ಉಪ್ಪು ಸವರಿದ. ಕೆಂಚಿ ಮೂಸಿ ನೋಡಿ ತಲೆಯಿಂದ ಗುದ್ದಿತು. ಮತ್ತೆ ತಂದ, ಮತ್ತೆ ಗುದ್ದಿತು. ಮೂರನೆಯ ಸಲ ಮರಿ ಮಾರು ದೂರ ಹೋಗಿ ಬಿತ್ತು.

ಕುರಿಗಾರರಲ್ಲಿ ಒಂದು ಕಟ್ಟಳೆಯಿತ್ತು. ಮೂರು ಸಲ ಗುದ್ದಿದ ಕುರಿ ಆ ಮರಿಯನ್ನು ಎಂದೆಂದಿಗೂ ಒಪ್ಪುವುದಿಲ್ಲ. ಜಕ್ಕಪ್ಪ ಕೈ ತೊಳೆದುಕೊಂಡು, "ನಿಲ್ಲಂಗಿಲ್ಲ" ಎಂದು ಎದ್ದ.

ಬಿದ್ದ ಮರಿಯನ್ನು ಲಗಮವ್ವ ಎತ್ತಿಕೊಂಡಳು. ಕೆಂಚಿಯ ಮುಂದೆ ಹೋಗಿ ಕೂತಳು. ಮರಿಯನ್ನು ಚಾಚಿದಳು. ಕೆಂಚಿ ಗುದ್ದಿತು. ಗುದ್ದು ಅವಳ ಮೊಣಕಾಲಿಗೆ ಬಿತ್ತು. "ಒಂದು" ಅಂದಳು. ಮತ್ತೆ ಚಾಚಿದಳು. "ಎರಡು." ಮತ್ತೆ ಚಾಚಿದಳು. "ಭಾಳ." ಸುತ್ತಲಿದ್ದವರು ನಕ್ಕರು. ಮುಗಿಯಿತು, ಏಳೇ ಮಳ್ಳಿ ಎಂದರು. ಅವಳು ಏಳಲಿಲ್ಲ. ಮರಿಯ ಮೈಯ ಮಣ್ಣು ಒರೆಸಿ, ಇದೇ ಮೊದಲ ಸಲವೇನೋ ಎಂಬಂತೆ ಮತ್ತೆ ಚಾಚಿ "ಒಂದು" ಅಂದಳು.

ಜಕ್ಕಪ್ಪ ಕದಿರು ಹಿಡಿದು ಉಣ್ಣೆ ನೂಲುತ್ತಾ ದೂರದಿಂದ ನೋಡಿದ. ಇದರ ಹುಚ್ಚು ಎಷ್ಟು ಹೊತ್ತು ನಡೆಯುತ್ತದೆ ನೋಡೋಣ ಎಂದು ಎಣಿಸತೊಡಗಿದ. ಹತ್ತಾಯಿತು, ಇಪ್ಪತ್ತಾಯಿತು. ನಲವತ್ತಕ್ಕೆ ಅವನ ಕದಿರು ನಿಂತಿತು. ಎಳೆ ಹರಿದದ್ದೂ ಅವನಿಗೆ ಗೊತ್ತಾಗಲಿಲ್ಲ.

ಶುಕ್ರವಾರ ಹಾಗೇ ಕಳೆಯಿತು. ಅವಳ ಮೊಣಕಾಲು ಬಾತು ಕುಂಬಳಕಾಯಿಯಾಗಿತ್ತು. ಮಾಳವ್ವ ಗಂಡನ ಕಣ್ಣೆದುರೇ ಬೇರೊಂದು ಕುರಿಯ ಹಾಲಿನಲ್ಲಿ ಬಟ್ಟೆ ಅದ್ದಿ ಮರಿಯ ಬಾಯಿಗೆ ಹಿಂಡಿದಳು. ಲಗಮವ್ವನಿಗೂ ರೊಟ್ಟಿ ಮುರಿದು ತಿನ್ನಿಸಿದಳು. ಶನಿವಾರವೂ ಕಳೆಯಿತು. ನಿದ್ದೆ ಬಂದರೆ ಲಗಮವ್ವ ಮರಿಯನ್ನು ಕಂಬಳಿಯೊಳಗೆ ಇಟ್ಟುಕೊಂಡು ಕೆಂಚಿಯ ಪಕ್ಕದಲ್ಲೇ ಒರಗುತ್ತಿದ್ದಳು. ಎಚ್ಚರವಾದರೆ ಮತ್ತೆ "ಒಂದು". ಸಿಟ್ಟಿಲ್ಲ, ಬೇಸರವಿಲ್ಲ. ಆ ಮೂಕಪ್ರಾಣಿಯನ್ನು ಒಂದು ಸಲವೂ ಬೈಯಲಿಲ್ಲ. ನಕ್ಕವರ ನಗು ಎರಡನೆಯ ದಿನಕ್ಕೇ ನಿಂತಿತ್ತು. ಮೂರನೆಯ ದಿನ ಅವಳ ಹತ್ತಿರ ಹಾಯುವಾಗ ಜನ ಮೆಲ್ಲಗೆ ಕಾಲಿಡುತ್ತಿದ್ದರು, ಏಕೆಂದು ಅವರಿಗೇ ತಿಳಿಯದು.

ಭಾನುವಾರ ಬೆಳಕು ಹರಿಯುವ ಹೊತ್ತು. ಜಕ್ಕಪ್ಪ ಹಾಲಿನ ತಂಬಿಗೆ ಹಿಡಿದು ಹೋಗುತ್ತಿದ್ದವನು ಹಾಗೇ ನಿಂತ. ಲಗಮವ್ವ ಕೂತಲ್ಲೇ ತೂಕಡಿಸುತ್ತಿದ್ದಳು. ಅವಳ ತುಟಿಯ ಜೊಲ್ಲು ಇಳಿದು ಮರಿಯ ನೆತ್ತಿ ಒದ್ದೆಯಾಗಿತ್ತು. ಕೆಂಚಿ ಕುತ್ತಿಗೆ ಚಾಚಿತು. ಮೂರು ದಿನ ತನ್ನ ಉಸಿರಿಗೆ ಉಸಿರು ತಾಗಿಸಿ ಕೂತವಳ ಕೈಯನ್ನು ಮೊದಲು ನೆಕ್ಕಿತು. ಆಮೇಲೆ ಅವಳ ಗಲ್ಲ. ಆಮೇಲೆ ಆ ಒದ್ದೆ ನೆತ್ತಿ. ನೆಕ್ಕುತ್ತಾ ನೆಕ್ಕುತ್ತಾ ಮರಿಯ ಬೆನ್ನಿಗೆ ಬಂತು, ಬಾಲಕ್ಕೆ ಬಂತು. ಗಂಟಲೊಳಗೆ ಗುರುಗುಟ್ಟಿತು, ತಾಯಿ ಕುರಿ ತನ್ನ ಮರಿಗಲ್ಲದೆ ಬೇರೆ ಯಾರಿಗೂ ಆ ಸದ್ದು ಮಾಡುವುದಿಲ್ಲ. ಮರಿ ನಡುಗುತ್ತಾ ಎದ್ದು, ತಡಕಾಡಿ, ಮೊಲೆಗೆ ಬಾಯಿ ಹಾಕಿತು. ಅದರ ಬಾಲ ಪಟಪಟನೆ ಬಡಿದುಕೊಂಡಿತು.

ಜಕ್ಕಪ್ಪನ ಕೈಯ ತಂಬಿಗೆ ಓರೆಯಾಗಿ ಹಾಲು ನೆಲಕ್ಕೆ ಸುರಿಯುತ್ತಿತ್ತು. ಅರವತ್ತು ವರ್ಷ ಕುರಿ ಕಾದವನು ಅವನು. ಮೂರನೆಯ ಗುದ್ದಿನ ಆಚೆಗೆ ಏನಿದೆ ಎಂದು ಅವನು ನೋಡಿರಲಿಲ್ಲ. ಅವನ ಅಪ್ಪ ನೋಡಿರಲಿಲ್ಲ, ಅಜ್ಜ ನೋಡಿರಲಿಲ್ಲ. ಮೂರಕ್ಕೇ ಎದ್ದುಹೋದವರಿಗೆ ನಾಲ್ಕನೆಯದು ಹೇಗೆ ಕಂಡೀತು? ಅವನು ತನ್ನ ಅಂಗೈಯನ್ನು ನೋಡಿಕೊಂಡ. ಈ ಕೈ ತೆಗೆದ ಮರಿಗಳಲ್ಲಿ ಎಷ್ಟು ನಿಲ್ಲುತ್ತಿದ್ದವೋ.

ಸುದ್ದಿ ಹರಡಿತು. ಬಿಡಾರದ ಹೆಂಗಸರೆಲ್ಲ ಬಂದರು. ಒಬ್ಬಳು ಅರಿಸಿನ ಕುಂಕುಮ ತಂದಳು, ಇನ್ನೊಬ್ಬಳು ತೆಂಗಿನಕಾಯಿ. ಈಕೆಯ ಮೈಮೇಲೆ ದೇವಿ ಇದ್ದಾಳೆ, ನಮಗೆ ಗೊತ್ತಾಗಲಿಲ್ಲ ಎಂದು ಕಾಲಿಗೆ ಬೀಳಲು ಹೋದರು. ರೊಟ್ಟಿಯ ಬುಟ್ಟಿ ಸರಿಸುತ್ತಿದ್ದವರೇ ಎಲ್ಲರಿಗಿಂತ ಮುಂದೆ. ಲಗಮವ್ವ ಬೆದರಿ ಮಾಳವ್ವನ ಸೆರಗು ಹಿಡಿದುಕೊಂಡಳು.

ಮಾಳವ್ವ ಅಡ್ಡ ನಿಂತಳು. "ನಿನ್ನೆ ಮಳ್ಳಿ, ಇವತ್ತು ದೇವಿ. ನಡುವೆ ಮನುಷ್ಯಾಳು ಅಂತ ಒಂದು ಇರ್ತೈತಲ್ಲ, ಅದು ಯಾವಾಗ? ಆಕಿ ಮೊಣಕಾಲು ಬಾತೈತಿ. ಕಾಯಿ ಒಯ್ದು ಸಾರಿಗೆ ಹಾಕ್ರಿ, ಎಣ್ಣಿ ಕಾಸಿ ತರ್ರಿ."

ಹೆಂಗಸರು ಒಬ್ಬೊಬ್ಬರಾಗಿ ಸರಿದರು. ಆಮೇಲೆ ಅವಳು ಗಂಡನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು. "ಮರಿ ಸತ್ತಿದ್ದರ ನಾಳೆ ಈಕೀನ್ನ ಗಾಡಿ ಹತ್ತಸ್ತಿದ್ರಿ, ಹೌದಲ್ರಿ?"

ಜಕ್ಕಪ್ಪನಿಗೆ ಹೌದು ಅನ್ನುವುದಕ್ಕೆ ನಾಚಿಕೆ, ಇಲ್ಲ ಅಂದರೆ ಸುಳ್ಳು. ಅಂದು ಅವನು ಊಟ ಮಾಡಲಿಲ್ಲ.

ಸೋಮವಾರ ಮಠದ ಗಾಡಿ ಬಂತು. ಜಕ್ಕಪ್ಪ ಗಾಡಿಯವನಿಗೆ ಕುಡಿಯಲು ಮಜ್ಜಿಗೆ ಕೊಟ್ಟ. ತಪ್ಪು ನನ್ನದು, ನಮ್ಮ ಮನೆಯ ಮಗಳು ನಮ್ಮ ಜೊತೆ ಬರುತ್ತಾಳೆ ಎಂದು ಹೇಳಿ ಹಿಂದಕ್ಕೆ ಕಳಿಸಿದ. ಮರಿ ಉಳಿಸಿದ್ದಕ್ಕೋ ಎಂದು ಪಕ್ಕದವನು ಕೇಳಿದ. ಜಕ್ಕಪ್ಪ ಅಲ್ಲವೆಂದು ತಲೆ ಅಲ್ಲಾಡಿಸಿದ. "ಮರಿ ನಾಳೆ ಸತ್ತರೂ ಬರ್ತಾಳ" ಅಂದ.

ಆಮೇಲೆ ದಿಬ್ಬ ಹತ್ತಿ ಹೆಸರು ಕೂಗಿದ. ಎಲ್ಲರೂ "ಅದೀನಿ" ಅಂದರು. ಕೂಸಿನ ತಾಯಿ ಅಂದಳು, ನಾಯಿಗಳು ಬೊಗಳಿದವು. ಹೊರೆ ಎತ್ತಲು ಜನ ಬಗ್ಗಿದರು. ಆಗ ಅವನು ಇನ್ನೊಂದು ಹೆಸರು ಕೂಗಿದ.

"ಲಗಮವ್ವ."

ಬಗ್ಗಿದವರು ಬಗ್ಗಿದಂತೆಯೇ ನಿಂತರು. ಅವಳು ಮರಿಯ ಕಿವಿ ಸವರುತ್ತಾ ಕೂತಿದ್ದಳು. ಯಾವ ದಿಬ್ಬದಿಂದಲೂ ತನ್ನ ಹೆಸರು ಬಂದದ್ದನ್ನು ಅವಳು ಹದಿನೈದು ವರ್ಷದಿಂದ ಕೇಳಿರಲಿಲ್ಲ.

"ಲಗಮವ್ವ." ಎರಡಾಯಿತು. "ಲಗಮವ್ವ." ಮೂರಾಯಿತು.

ಮಾಳವ್ವ ಅವಳ ಬದಲಿಗೆ ಉತ್ತರ ಕೊಡಲು ಬಾಯಿ ತೆರೆದಳು. ಜಕ್ಕಪ್ಪ ಬೇಡವೆಂದು ಕೈ ಎತ್ತಿದ. ಬಿಸಿಲು ಏರುತ್ತಿತ್ತು. ಆರುನೂರು ಕುರಿ ನಿಂತಿದ್ದವು, ಆರು ಮನೆಯ ಜನ ನಿಂತಿದ್ದರು. ಅವನು ನಾಲ್ಕನೆಯ ಸಲ ಕರೆದ. ಐದನೆಯ ಸಲ ಕರೆದ. ಮುಂದೆ ಎಷ್ಟು ಸಲ ಕರೆದನೋ, ಎಣಿಸಲಿಲ್ಲ.

ಲಗಮವ್ವ ತಲೆ ಎತ್ತಿದಳು. ದಿಬ್ಬದ ಕಡೆ ನೋಡಿದಳು. ಇಪ್ಪತ್ತೆರಡು ವರ್ಷ ಎಲ್ಲರ ಬಾಯಲ್ಲೂ ಕೇಳಿದ ಮಾತು ಅವಳಿಗೆ ಬರುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಬ್ಬರು ಕರೆಯುವುದು ಮಾತ್ರ.

"ಅದೀನಿ, ಮಾವ" ಅಂದಳು.

ಹಿಂಡು ಹೊರಟಿತು. ಅಂದು ಅವಳ ನಡಿಗೆಯ ವೇಗಕ್ಕೆ ಎಲ್ಲರೂ ನಡೆದರು. ಆದರೂ ಸಂಜೆಯೊಳಗೆ ಮುಂದಿನ ಬಯಲು ತಲುಪಿದರು.

ನೀತಿ: ಬುದ್ಧಿ ನಿಧಾನವಾದವರನ್ನು ಮೂರು ಸಲ ನೋಡಿ "ಇವರಿಂದ ಆಗದು" ಅನ್ನುವವರು ಅಳೆದದ್ದು ತಮ್ಮದೇ ತಾಳ್ಮೆಯನ್ನು. ಅವರನ್ನು ಕಸವೆಂದು ದೂಡಬೇಡಿ, ದೇವರೆಂದು ಕಾಯಿ ಒಡೆಯಲೂಬೇಡಿ. ಏನಾದರೂ ಮಾಡಿ ತೋರಿಸಲಿ, ಆಮೇಲೆ ನಮ್ಮವರು ಅನ್ನುತ್ತೇವೆ ಎಂದು ಕಾಯಬೇಡಿ. ಮೊದಲು ಹೆಸರು ಹಿಡಿದು ಕರೆಯಿರಿ. ಓಗೊಡುವವರೆಗೂ ಕರೆಯಿರಿ.