ಮನೆಯೋ, ಗಾಡಿಯೋ

ಏಪ್ರಿಲ್ ಹತ್ತೊಂಬತ್ತು. ದಾವಣಗೆರೆಯಲ್ಲಿ ಬೆಳಿಗ್ಗೆಯೇ ಬಿಸಿಲು ಸುಡುತ್ತಿತ್ತು. ದಲಾಲಿ ಅಂಗಡಿಯ ಗುಮಾಸ್ತನೊಬ್ಬ ಹೆಂಡತಿ ಸರ್ವಮಂಗಳೆಯ ಜೊತೆ ಕ್ಯಾರವಾನ್ ಬಾಡಿಗೆಗೆ ಕೇಳಲು ಹೋದ. ಕೀಲುನೋವಿನ ತಾಯಿಯನ್ನು ಮಲಗಿಸಿಕೊಂಡೇ ಕಾರವಾರಕ್ಕೆ ಕರೆದೊಯ್ದು ಕಡಲು ತೋರಿಸಬೇಕಿತ್ತು. ಮೂರು ದಿನದ ಬಾಡಿಗೆಯನ್ನು ಹೇಗೋ ಹೊಂದಿಸಿದ್ದ.

ಹತ್ತಲು ಹೋದವನನ್ನು ಮಾಲೀಕ ಮುರುಗೇಶಪ್ಪ ತಡೆದ. “ಚಪ್ಪಲಿ ಹೊರಗೆ ಬಿಡ್ರಿ. ಇದನ್ನ ಗಾಡಿ ಅನ್ಕಂಡ್ರಾ? ಒಲೆ ಐತಿ, ಮಂಚ ಐತಿ. ಇದು ಮನೆ. ಮನೆ ಅಂದ್ಮೇಲೆ ಬಾಡಿಗೆ ಜೊತೆ ಐವತ್ತು ಸಾವಿರ ಅಡ್ವಾನ್ಸ್.”

ಗುಮಾಸ್ತ ಕಕ್ಕಾಬಿಕ್ಕಿಯಾದ. ಚಕ್ರ ನೋಡಿದರೆ ಗಾಡಿ, ಕಿಟಕಿಯ ಪರದೆ ನೋಡಿದರೆ ಮನೆ. ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಮೆಟ್ಟಿಕೊಂಡೇ ಯೋಚಿಸುತ್ತ ನಿಂತ. ಆಮೇಲೆ ಹೆಂಡತಿಗೆ ಹೇಳಿದ: “ಮನೆಯಂತೆ ಕಣೇ. ಎದುರಂಗಡೀಲಿ ಹಾಲು ತಗಂಬಾ.”

ಸರ್ವಮಂಗಳೆ ಹಾಲು ತಂದು, ಒಳಗೆ ಹೋಗಿ ಒಲೆ ಹಚ್ಚಿ, ಪಾತ್ರೆಯ ಕಂಠದವರೆಗೂ ಸುರಿದಳು.

“ಏನಮ್ಮಾ ಇದು?” ಎಂದ ಮುರುಗೇಶಪ್ಪ.

“ಬಾಡಿಗೆ ಮನೆ ಹೊಕ್ಕರೆ ಹಾಲು ಉಕ್ಕಿಸಬೇಕಲ್ಲಣ್ಣಾ. ಎಲ್ಲಾ ಕಡೆ ಚೆಲ್ಲಿದ್ರೆ ನಿಮಗೂ ಒಳ್ಳೇದು. ಹೋಮಕ್ಕೆ ಅಯ್ನೋರಿಗೂ ಹೇಳಿ ಕಳಿಸ್ತೀವಿ. ಮಂಚ ಸರಿಸಿದ್ರೆ ಕುಂಡಕ್ಕೆ ಜಾಗ ಆಕ್ಕೇತಿ.”

ಮುರುಗೇಶಪ್ಪ ಹೊಳೆಯುವ ಹೊಸ ಮರಗೆಲಸ ನೋಡಿದ, ಮಖಮಲ್ಲಿನ ಹಾಸಿಗೆ ನೋಡಿದ. ಹಾಲು ಮೇಲೇರುತ್ತಿತ್ತು.

“ಆರಿಸು ತಾಯಿ, ಆರಿಸು. ಇದು ಗಾಡಿ.”

ಗುಮಾಸ್ತನಿಗೆ ಮತ್ತೆ ಗೊಂದಲ. “ಒಂದು ಮಾತು ಹೇಳ್ರಿ ಯಜಮಾನ್ರೇ. ನೀವು ಅಡ್ವಾನ್ಸ್ ಕೇಳಿದ್ದು ಮನೆಗಲ್ವಾ?”

“ಇದು ಗಾಡೀನೇ ಕಣಪ್ಪಾ. ಅಡ್ವಾನ್ಸ್ ಬ್ಯಾಡ.”

ಗುಮಾಸ್ತ ಬಿಟ್ಟಿದ್ದ ಚಪ್ಪಲಿಯನ್ನೂ ಮೆಟ್ಟಿಕೊಂಡ. ಕೊನೆಗೆ ಅವನು ಕೊಟ್ಟಿದ್ದು ಮೂರು ದಿನದ ಬಾಡಿಗೆ. ಜೊತೆಗೆ, ಗಾಡಿ ಎಂದ ಮೇಲೆ ಬೇಕಲ್ಲ, ಚಕ್ರದಡಿಗೆ ನಾಲ್ಕು ನಿಂಬೆಹಣ್ಣು.