ಕಪ್ಪು ಫೋನು, ನೀಲಿ ಫೋನು

“ಗುರುಗಳೇ, ಎರಡು ಫೋನುಗಳಲ್ಲಿ ಯಾವುದರ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ ಎಂದು ಖಚಿತವಾಗಿ ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಮಠಕ್ಕೆ ಒಂದು ಫೋನು ಕೊಳ್ಳಬೇಕಿತ್ತು. ಶಿಷ್ಯ ಬೇರೆ ಕೆಲಸವನ್ನೆಲ್ಲ ಬಿಟ್ಟು ಅದರ ಹಿಂದೆ ಬಿದ್ದಿದ್ದ. ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಮಾಳಿಂಗ ಎಂಬ ಒಬ್ಬ ಕುರಿಗಾಹಿ ಇದ್ದ. ಹಿಂಡಿನೊಂದಿಗೆ ಊರೂರು ತಿರುಗುವವನು. ಅವನ ಫೋನು ಕಾಲುವೆಗೆ ಬಿದ್ದು ಕೆಟ್ಟಿತು. ಸಿಮ್ ಒಂದೇ ಉಳಿಯಿತು. ಹಿಂಡನ್ನು ತಮ್ಮನಿಗೆ ಒಪ್ಪಿಸಿ ಅವನು ಪೇಟೆಗೆ ಬಂದ. ಪೇಟೆಯಲ್ಲಿ ಎದುರುಬದುರಾಗಿ ಎರಡು ಫೋನಿನ ಅಂಗಡಿಗಳಿದ್ದವು. ಅವನು ಬೀದಿಯ ನಡುವೆ ನಿಂತು ಇಬ್ಬರು ವ್ಯಾಪಾರಿಗಳಿಗೂ ಕೇಳುವಂತೆ ಹೇಳಿದ:

“ಮೂರು ದಿನ ಚಾರ್ಜಿಲ್ದ ನಡಿಯೋ ಫೋನ್ ಬೇಕ್ರಿ. ನಾವಿರೋ ಅಡವ್ಯಾಗ ಕರೆಂಟ್ ಇರಂಗಿಲ್ಲ. ಹೆಂಡ್ತಿ ತವರಿನ್ಯಾಗ ಅದಾಳ, ದಿನ ತುಂಬ್ಯಾವ. ಯಾವಾಗ ಫೋನ್ ಬರ್ತದೋ ಗೊತ್ತಿಲ್ಲ. ಬಂದ ಕೂಡ್ಲೆ ಹೋಗ್ಬೇಕು. ಬರ್ತೀನಂತ ಮಾತು ಕೊಟ್ಟೀನಿ.”

ಒಬ್ಬ ವ್ಯಾಪಾರಿ ಕಪ್ಪು ಫೋನು ಹಿಡಿದು ಬಂದ. ಇನ್ನೊಬ್ಬ ನೀಲಿ ಫೋನು ಹಿಡಿದು ಬಂದ. ಇಬ್ಬರೂ ಮೂರು ದಿನ ಎಂದರು. ಇಬ್ಬರೂ ಇನ್ನೊಬ್ಬನನ್ನು ಸುಳ್ಳುಗಾರ ಎಂದರು. ಕುರಿಗಾಹಿಗೆ ಇಬ್ಬರ ಮಾತೂ ನಿಜವೆನಿಸಿತು. ಆಗ ಬೀದಿಯ ಜನ, ಪರೀಕ್ಷೆ ಆಗಿಬಿಡಲಿ ಎಂದು ತೀರ್ಮಾನಿಸಿದರು.

ಎರಡನ್ನೂ ಪೂರ್ತಿ ಚಾರ್ಜ್ ಮಾಡಿ ಚಹದ ಅಂಗಡಿಯ ಬೆಂಚಿನ ಮೇಲಿಟ್ಟರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎರಡರಲ್ಲೂ ಒಂದೇ ಡೊಳ್ಳಿನ ಹಾಡಿನ ವಿಡಿಯೊ ಒಂದೊಂದು ಗಂಟೆ ಓಡಬೇಕು. ಉಳಿದ ಹೊತ್ತು ಯಾರೂ ಮುಟ್ಟಬಾರದು. ಕುರಿಗಾಹಿ ಸಿಮ್ ಹೊರತೆಗೆದ. ಒಂದಕ್ಕೆ ಸಿಮ್ ಹಾಕಿ ಇನ್ನೊಂದನ್ನು ಹಾಗೇ ಬಿಟ್ಟರೆ ಅನ್ಯಾಯ ಎಂದು ಇಬ್ಬರು ವ್ಯಾಪಾರಿಗಳೂ ಕೂಗಿದರು. ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಯಾರ ಕಡೆಗೂ ಸೇರದವನು ಎಂದು ಕುರಿಗಾಹಿಯನ್ನೇ ತೀರ್ಪುಗಾರನನ್ನಾಗಿ ಮಾಡಿದರು. ಅವನು ಸಿಮ್ಮನ್ನು ಧೋತರದ ಚುಂಗಿಗೆ ಕಟ್ಟಿಕೊಂಡು ಬೆಂಚಿನ ಮುಂದೆ ಕುಳಿತ.

ಮೊದಲ ದಿನ ಸಂಜೆ ಕಪ್ಪು ಅರವತ್ತೆಂಟು, ನೀಲಿ ಅರವತ್ತೇಳು. ಪೇಟೆ ಎರಡಾಯಿತು. ಒಂದು ಅಂಕಿ ಇಳಿದರೆ ಆ ಬದಿಯಲ್ಲಿ ನಿಟ್ಟುಸಿರು, ಈ ಬದಿಯಲ್ಲಿ ಸಿಳ್ಳೆ. ಕ್ಷೌರದ ಅಂಗಡಿಯವನು ಅರ್ಧ ಗಡ್ಡ ಬೋಳಿಸಿದ್ದ ಗಿರಾಕಿಯ ಜೊತೆಗೇ ಓಡಿ ಬಂದ. ಕುರಿಗಾಹಿ ಎದ್ದು ನಿಂತು ಜನರನ್ನು ಕೇಳಿದ:

“ಯಣ್ಣಾ, ಯಾರರ ನಿಮ್ಮ ಫೋನಿಗೆ ನನ್ನ ಸಿಮ್ ಹಾಕಿ ನೋಡ್ತೀರೇನು? ಮಾವ ಏನರ ಫೋನ್ ಮಾಡಿದ್ದಾನು.”

“ತಡಿಯೋ ಮಾಳಿಂಗಾ, ಹಾಡರ ಮುಗೀಲಿ!” ಎಂದರು.

ಅಲ್ಲಿ ನೂರು ಫೋನುಗಳಿದ್ದವು. ನೂರೂ ಬೆಂಚಿನ ವಿಡಿಯೊ ತೆಗೆಯುತ್ತಿದ್ದವು.

ಎರಡನೆಯ ದಿನ ಕಪ್ಪಿನ ಕಡೆಯ ಒಬ್ಬ, ಎಷ್ಟು ಉಳಿದಿದೆ ಎಂದು ನೋಡುವ ಆಸೆ ತಡೆಯಲಾರದೆ ಪರದೆ ಮುಟ್ಟಿದ. ಪರದೆ ಬೆಳಗಿತು. ಅಷ್ಟು ಚಾರ್ಜ್ ಹೋಯಿತು. ಅವನ ಕಡೆಯವರೇ ಅವನ ಕೊರಳಪಟ್ಟಿ ಹಿಡಿದು, “ಲೇ, ನೀ ನಮ್ಮಾಂವೋ ಅವರಾಂವೋ?” ಎಂದರು. ಗಲಾಟೆ ಏರಿತು. ಕುರಿಗಾಹಿ ಎಲ್ಲರನ್ನೂ ಹಿಂದೆ ಸರಿಸಿ, ಲೆಕ್ಕ ಸಮವಾಗಲೆಂದು ನೀಲಿಯನ್ನೂ ಅಷ್ಟೇ ಹೊತ್ತು ಬೆಳಗಿಸಿದ. ಎರಡೂ ಬದಿಯವರು ಚಪ್ಪಾಳೆ ತಟ್ಟಿದರು. ಅಲ್ಲಿಯವರೆಗೆ ಅವನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಅಂದು ಮಧ್ಯಾಹ್ನ ಚಹದ ಅಂಗಡಿಯ ಹೆಂಗಸು ತನ್ನ ಫೋನಿನ ಬೆನ್ನು ಬಿಚ್ಚಿಕೊಂಡು ಬಂದು ಕೈ ಚಾಚಿದಳು.

“ತಮ್ಮಾ, ಕೊಡಿಲ್ಲೆ ಸಿಮ್ಮು. ಇದಕ್ಕ ಹಾಕಿ ಮಾತಾಡು.”

“ತಡೀ ಅಕ್ಕಾ, ಎರಡೂ ನಲವತ್ತೈದಕ್ಕ ಬಂದಾವ!” ಎಂದ ಕುರಿಗಾಹಿ. ಅವನು ಅವಳ ಕಡೆ ತಿರುಗಲೂ ಇಲ್ಲ. ಅವಳು ಫೋನಿನ ಬೆನ್ನು ಮುಚ್ಚಿಕೊಂಡು ಒಲೆಯ ಹತ್ತಿರ ಹೋದಳು.

ಮೂರನೆಯ ದಿನ ಸಂಜೆ ಹಾಡು ಶುರುವಾದಾಗ ಎರಡರಲ್ಲೂ ಒಂಬತ್ತು. ಎಂಟು, ಏಳು, ಆರು ಎಂದು ಇಡೀ ಪೇಟೆ ಒಟ್ಟಿಗೆ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ತೀರ್ಪುಗಾರ. ಎರಡೂ ಒಂದಕ್ಕೆ ಬಂದು ನಿಂತವು. ವ್ಯಾಪಾರಿಗಳು ಬೆಂಚಿನ ಕಾಲು ಹಿಡಿದು ಕುಳಿತರು. ಒಂದು ಪರದೆ ಆರಿತು. ಇನ್ನೊಂದು ಹಾಡುತ್ತಲೇ ಇತ್ತು. ಗದ್ದಲದಲ್ಲಿ ಆ ಹಾಡು ಯಾರಿಗೂ ಕೇಳಿಸಲಿಲ್ಲ. ಜನ ಗೆದ್ದ ವ್ಯಾಪಾರಿಯನ್ನು ಬಿಟ್ಟು ಕುರಿಗಾಹಿಯನ್ನು ಹೆಗಲ ಮೇಲೆ ಹೊತ್ತರು.

ಅವನು ಗೆದ್ದ ಫೋನನ್ನೇ ಕೊಂಡ. ಅಂಗಡಿಯಲ್ಲೇ ಚಾರ್ಜಿಗೆ ಹಚ್ಚಿ ಸಿಮ್ ಹಾಕಿದ. ಮಾವನ ನಲವತ್ತು ಕರೆಗಳು ತಪ್ಪಿವೆ ಎಂದು ಸಂದೇಶ ಬಂತು. ಅವನು ನಿಂತಲ್ಲಿಂದಲೇ ಫೋನ್ ಮಾಡಿದ.

“ಮೊನ್ನಿನ ಬ್ಯಾನಿ ಸುರು ಆತು,” ಎಂದ ಮಾವ. “ನಿನ್ನಿ ಆಪರೇಶನ್ ಮಾಡಿದ್ರು. ಒಳಗ ಒಯ್ಯೋ ತನಕ ನಿನ್ನನ್ನ ಕೇಳಿದ್ಳು. ಹೆಣ್ಣು ಕೂಸು. ಇಬ್ರೂ ಅರಾಮ ಅದಾರ. ಹೊರಗ ಬಂದ ಮ್ಯಾಲ ನಿನ್ನ ಹೆಸ್ರು ತಗದಿಲ್ಲ.”

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

ಶಿಷ್ಯ ಮುಂದಕ್ಕೆ ಬಾಗಿ ಕುಳಿತಿದ್ದ. ಅವನ ಕಣ್ಣು ಇನ್ನೂ ಬೆಂಚಿನ ಮೇಲೆಯೇ ಇದ್ದಂತಿತ್ತು.

“ಗುರುಗಳೇ, ಹಾಗಾದರೆ ಗೆದ್ದದ್ದು ಕಪ್ಪೋ, ನೀಲಿಯೋ?”

“ಗಂಡ ಹೋಗಿ ನಡೆದದ್ದನ್ನೆಲ್ಲ ಹೇಳಿ ಮುಗಿಸಿದಾಗ ಹೆಂಡತಿಯೂ ಇದೊಂದನ್ನೇ ಕೇಳಿದಳು,” ಎಂದರು ಗುರುಗಳು.